ಬೇಲೂರಿಗೆ ಹೋಗಿ ಬಂದ ಲೆಕ್ಕ



ನಮ್ಮ ಹಳೇಬೀಡು ಹೋಬಳಿಯ ಹಳ್ಳಿಗಳಲ್ಲಿ ಈಗ ಎಲ್ಲಿ ನಾಲ್ಕು ಜನ ಕೂತರೂ ಒಂದೇ ಮಾತು. "ಈ ಬೇಸಾಯದಲ್ಲಿ ಇನ್ನೇನಿದೆ, ರಸ್ತೆ ಪಕ್ಕದ ಜಮೀನು ಕೊಟ್ಟುಬಿಟ್ಟು ಬೇಲೂರಲ್ಲೋ ಚಿಕ್ಕಮಗಳೂರಲ್ಲೋ ಒಂದು ಹೋಟ್ಲು ಇಟ್ಕೊಂಡ್ರೆ ಆಯ್ತಪ್ಪ." 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಸ್ಥಾನಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಈ ಮಾತಿಗೆ ರೆಕ್ಕೆ ಬಂದಿದೆ. ಮೊನ್ನೆ ನನ್ನ ಅಣ್ಣನ ಮಗನೇ ಬಂದು ಕೂತು, "ಚಿಕ್ಕಪ್ಪ, ನೀವು ನಾಲ್ಕು ವರ್ಷ ಬೇಲೂರಲ್ಲಿ ಇದ್ದೋರು, ನೀವೇ ಹೇಳಿ. ಹೋಗೋದಾ ಬೇಡ್ವಾ?" ಅಂದ.

ಅವನಿಗೆ ಒಂದೇ ಮಾತಿನಲ್ಲಿ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಹಳ್ಳಿ ಹೈಸ್ಕೂಲಿನವರೆಗೆ ಓದಿದವನು, ಬರವಣಿಗೆಯಲ್ಲಿ ತಪ್ಪಿದ್ದರೆ ಓದುಗರು ತಿದ್ದಿಕೊಳ್ಳಬೇಕು. ಲೆಕ್ಕದಲ್ಲಿ ತಪ್ಪಿದ್ದರೆ ಮಾತ್ರ ಬಂದು ಕೇಳಿ.

ನಾನು ಊರು ಬಿಟ್ಟದ್ದು 2017ರಲ್ಲಿ. ಅದರ ಹಿಂದಿನ ಎರಡು ವರ್ಷ ಮಳೆ ಕೈಕೊಟ್ಟಿದ್ದು ಯಾರೂ ಮರೆತಿಲ್ಲ. ಹಾಸನದ ಮಂಡಿಯಲ್ಲಿ ಜಲಂಧರದ ಬಿತ್ತನೆ ಆಲೂಗೆಡ್ಡೆಯನ್ನು ಸಾಲಕ್ಕೆ ತಂದು ಹಾಕಿದ್ದೆ. ಹುಟ್ಟಿದ್ದು ಅರ್ಧ, ಹುಟ್ಟಿದ್ದಕ್ಕೆ ಅಂಗಮಾರಿ. ಮೂರನೇ ಬೋರು ಆರುನೂರು ಅಡಿ ಹೋಗಿ ದೂಳು ಉಗುಳಿತು. ಮಗಳು ಹತ್ತನೇ ಕ್ಲಾಸು ಪಾಸಾಗಿದ್ದಳು, ಕಾಲೇಜು ಇದ್ದದ್ದು ಬೇಲೂರಲ್ಲಿ. ದೇವಸ್ಥಾನದ ರಸ್ತೆಯಲ್ಲಿ ಒಂದು ಸಣ್ಣ ಮಳಿಗೆ ಖಾಲಿ ಇದೆ, ಹಿಂದುಗಡೆ ಒಂದು ರೂಮೂ ಇದೆ ಅಂತ ನಮ್ಮ ಭಾವಮೈದ ಹೇಳಿದ. ಒಂದೂವರೆ ಲಕ್ಷ ಅಡ್ವಾನ್ಸು, ತಿಂಗಳಿಗೆ ಒಂಬತ್ತು ಸಾವಿರ ಬಾಡಿಗೆ. ಎರಡು ಹಸು ಮಾರಿದೆ. ಮನೆಯವಳ ಸರ ಅಡವಿಟ್ಟೆ. ಉಳಿದದ್ದಕ್ಕೆ ಒಂದು ಫೈನಾನ್ಸಿನಲ್ಲಿ ಸಾಲ ಮಾಡಿದೆ. ಜಮೀನು ಮಾತ್ರ ಮಾರಲಿಲ್ಲ. ಧೈರ್ಯ ಇತ್ತು ಅಂತಲ್ಲ, ಆಗ ಕೊಳ್ಳುವವರೇ ಇರಲಿಲ್ಲ. ಅಣ್ಣನಿಗೆ ವಾರಕ್ಕೆ ಕೊಟ್ಟು ಹೋದೆ. ಇದನ್ನು ಮುಚ್ಚಿಡುವುದಿಲ್ಲ, ಯಾಕಂದ್ರೆ ಮುಂದೆ ಬರುವ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಪ್ರವಾಸಿಗರ ಊರು ಅಂದರೆ ನಮ್ಮ ಕಣ್ಣಿಗೆ ಹೇಗೆ ಕಾಣುತ್ತದೆ? ದಿನಾ ಜಾತ್ರೆ ಇದ್ದ ಹಾಗೆ. ನಾವು ವರ್ಷಕ್ಕೆ ಒಂದು ಸಲ ರಥೋತ್ಸವಕ್ಕೆ ಹೋಗಿ ನೋಡಿದವರು. ಅಲ್ಲಿ ಇದ್ದು ನೋಡಿದರೆ ಬೇರೆ. ಬೇಲೂರು ಕೂಡ ಮಳೆ ಆಶ್ರಯದ ಬೇಸಾಯವೇ, ತಲೆಕೆಳಗಾದ ಬೇಸಾಯ ಅಷ್ಟೆ. ಡಿಸೆಂಬರು, ಜನವರಿಯಲ್ಲಿ ಸ್ಕೂಲು ಮಕ್ಕಳ ಪ್ರವಾಸ, ಅಯ್ಯಪ್ಪನ ಮಾಲೆಯವರ ಬಸ್ಸು. ಆಗ ಬೆಳಗಿನ ಐದು ಗಂಟೆಗೆ ಒಲೆ ಹಚ್ಚಿದರೆ ರಾತ್ರಿ ಹತ್ತಕ್ಕೆ ಆರಿಸುವುದು. ಫೆಬ್ರವರಿ, ಮಾರ್ಚಿನಲ್ಲಿ ಪರೀಕ್ಷೆ, ಜನ ಇಲ್ಲ. ಚೈತ್ರದ ತೇರಿಗೆ ಎರಡು ದಿನ ಕಾಲಿಡಲು ಜಾಗ ಇಲ್ಲ. ಮೇ ತಿಂಗಳು ಪರವಾಗಿಲ್ಲ. ಜೂನ್ ಹುಟ್ಟಿ ಮಳೆ ಹಿಡಿಯಿತೋ, ಶನಿವಾರ ಭಾನುವಾರ ಬಿಟ್ಟರೆ ಮಾಡಿದ ಇಡ್ಲಿ ನಾವೇ ತಿನ್ನಬೇಕು. ಹುಟ್ಟಿದಾಗಿನಿಂದ ಆಕಾಶ ನೋಡಿ ಮಳೆ ಬಾ ಅಂತ ಕೇಳಿದವನು ನಾನು. ಆ ನಾಲ್ಕು ವರ್ಷ ಬಾಗಿಲಲ್ಲಿ ನಿಂತು ಮಳೆ ಬೇಡಪ್ಪಾ ಅಂತ ಕೇಳಿಕೊಂಡೆ. ಅದೇ ಮಳೆ ಹದಿನೈದು ಕಿಲೋಮೀಟರು ಆಚೆ ನನ್ನ ಅಣ್ಣನ ಹೊಲಕ್ಕೆ ಬೇಕಾಗಿತ್ತು. ಈ ಪಾಪ ಯಾವ ದೇವರಿಗೆ ಹೇಳಿ ಕಳೆದುಕೊಳ್ಳುವುದು?

ಇನ್ನೊಂದು ವಿಷಯ. ಬಂದ ಜನ ಬೇಲೂರಲ್ಲಿ ನಿಲ್ಲುವುದಿಲ್ಲ. ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿಯನ್ನು ಒಂದು ಸುತ್ತು ನೋಡುತ್ತಾರೆ, ಶಿಲಾಬಾಲಿಕೆ ಮುಂದೆ ಫೋಟೋ ಹಿಡಿಸಿಕೊಳ್ಳುತ್ತಾರೆ, ಕಾರು ಹತ್ತಿ ಚಿಕ್ಕಮಗಳೂರಿನ ಬೆಟ್ಟಕ್ಕೆ ಹೋಗಿ ಅಲ್ಲಿ ಮಲಗುತ್ತಾರೆ. ಮಲಗುವ ಊರಿಗೆ ದುಡ್ಡು ಸಿಗುತ್ತದೆ, ನೋಡುವ ಊರಿಗೆ ಚಿಲ್ಲರೆ ಸಿಗುತ್ತದೆ. ನಮ್ಮ ಹಳೇಬೀಡಿನ ಪಾಡು ಅದಕ್ಕಿಂತ ಕಡೆ.

ಈಗ ಬೆಲೆಯ ವಿಷಯಕ್ಕೆ ಬರೋಣ. ಈ ಪತ್ರಿಕೆ ಓದುವವರಿಗೆ ಅದೇ ಮುಖ್ಯ.

ಅಂಗಡಿ ತೆರೆದ ಮೊದಲ ದಿನ ಒಂದು ಹಲಗೆ ಮೇಲೆ ಸುಣ್ಣದಲ್ಲಿ ರೇಟು ಬರೆದೆ. ಇಡ್ಲಿ ಇಷ್ಟು, ಚಿತ್ರಾನ್ನ ಇಷ್ಟು, ಟೀ ಇಷ್ಟು. ಬರೆಯುವಾಗ ಕೈ ನಡುಗಿತು. ನಗಬೇಡಿ. ಮೂವತ್ತು ವರ್ಷ ಬೇಸಾಯ ಮಾಡಿ, ನಾನು ಬೆಳೆದ ಯಾವ ಪದಾರ್ಥಕ್ಕೂ ನಾನೇ ಬೆಲೆ ಬರೆದವನಲ್ಲ. ಆಲೂಗೆಡ್ಡೆ ತಗೊಂಡು ಮಂಡಿಗೆ ಹೋದರೆ "ಏನು ಕೊಡ್ತೀರಾ ಸ್ವಾಮಿ" ಅಂತ ನಾವೇ ಕೇಳುವುದು. ಗೊಬ್ಬರದಂಗಡಿಗೆ ಹೋದರೆ "ಎಷ್ಟು ಕೊಡಬೇಕು ಸ್ವಾಮಿ" ಅಂತ ಅದೂ ನಾವೇ ಕೇಳುವುದು. ಮಾರುವಾಗಲೂ ಕೇಳುವವನು, ಕೊಳ್ಳುವಾಗಲೂ ಕೇಳುವವನು ರೈತನೇ. ಅಲ್ಲಿ ಬೆಂಗಳೂರಿನಿಂದ ಕಾರಿನಲ್ಲಿ ಬಂದವನು ಹಲಗೆ ನೋಡಿದ, ತಿಂದ, ದುಡ್ಡಿಟ್ಟ, ಹೋದ. ಚೌಕಾಸಿ ಇಲ್ಲ. ಒಂದು ವಾರ ನನಗೆ ರಾತ್ರಿ ನಿದ್ದೆ ಬರಲಿಲ್ಲ, ಸಂತೋಷಕ್ಕೆ.

ದೇವಸ್ಥಾನದ ರಸ್ತೆಯಲ್ಲಿ ಒಬ್ಬ ಹೆಂಗಸು ಕೆಂಡದ ಮುಂದೆ ಕೂತು ಮುಸುಕಿನ ಜೋಳ ಸುಡುತ್ತಿದ್ದಳು. ನಿಂಬೆಹುಳಿ, ಉಪ್ಪು, ಖಾರ ಸವರಿ ಕೊಡುತ್ತಿದ್ದಳು. ಈಗ ಒಂದು ತೆನೆ 40 ರೂಪಾಯಿಗೆ ಕಮ್ಮಿ ಇಲ್ಲ. ಸರಿ, ಲೆಕ್ಕ ಹಾಕಿ. ಒಂದು ತೆನೆಯಲ್ಲಿ ಒಣಗಿದ ಕಾಳು ಸುಮಾರು 150 ಗ್ರಾಂ ಅಂತ ಇಟ್ಟುಕೊಳ್ಳಿ. ಒಂದು ಕ್ವಿಂಟಾಲಿಗೆ 660 ತೆನೆಗಿಂತ ಮೇಲೆ ಬೇಕು. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2400 ರೂಪಾಯಿ. ಅಂದರೆ ತೆನೆಗೆ ಮೂರೂವರೆ ರೂಪಾಯಿ ಚಿಲ್ಲರೆ. ಅದೂ ಕಾಗದದ ಮೇಲೆ. ಆ ವರ್ಷದ ನವೆಂಬರಿನಲ್ಲಿ ನಮ್ಮ ರಾಜ್ಯದ ಮಾರುಕಟ್ಟೆಗಳಲ್ಲಿ ಜೋಳ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದು ರೈತರು ರಸ್ತೆಗೆ ಇಳಿದದ್ದು ಗೊತ್ತೇ ಇದೆ. ಹೊಲದಲ್ಲಿ ಮೂರೂವರೆ, ಗುಡಿ ಮುಂದೆ ನಲವತ್ತು.

ಹಾಗಂತ ಆ ಹೆಂಗಸು ಕಳ್ಳಿಯೇ? ಖಂಡಿತ ಅಲ್ಲ. ಅವಳೂ ಒಂದು ಹಳ್ಳಿಯಿಂದ ಜಮೀನು ಕಳಕೊಂಡು ಬಂದವಳು. ಇದ್ದಿಲು ಕೊಳ್ಳಬೇಕು, ಎಳೆ ತೆನೆ ಕೊಳ್ಳಬೇಕು, ಕೂತ ಜಾಗಕ್ಕೆ ದಿನಾ ಕೊಡಬೇಕು, ಸಂಜೆಗೆ ಉಳಿದ ತೆನೆ ಬಾಡಿ ಹೋಗುತ್ತದೆ. ಮಳೆ ಬಂದ ದಿನ ಬರೀ ಕೈ. ನಮ್ಮ ಹುಡುಗರು ಆ ನಲವತ್ತನ್ನು ಮಾತ್ರ ನೋಡಿ ಬರುತ್ತಾರೆ. ಅವಳ ಕಣ್ಣಿಗೆ ಹೊಡೆಯುವ ಹೊಗೆ ನೋಡುವುದಿಲ್ಲ.

ನನ್ನ ಸಂತೋಷವೂ ಬಹಳ ದಿನ ಇರಲಿಲ್ಲ. ಒಂಟಿ ಕಾರು ಬರುವುದು ಎಷ್ಟು? ವ್ಯಾಪಾರ ಇರುವುದು ಬಸ್ಸಿನಲ್ಲಿ. ಐವತ್ತು ಜನ ಇರುವ ಬಸ್ಸು ಎಲ್ಲಿ ನಿಲ್ಲಬೇಕು ಅನ್ನುವುದನ್ನು ತೀರ್ಮಾನ ಮಾಡುವವನು ಡ್ರೈವರು. ಅವನಿಗೆ ಊಟ ಪುಕ್ಕಟೆ, ಮೇಲೆ ಕೈಗೆ ಇಷ್ಟು. ದನದ ಜಾತ್ರೆಯಲ್ಲಿ ಟವಲಿನ ಕೆಳಗೆ ಬೆರಳು ಹಿಡಿಯುತ್ತಾರಲ್ಲ, ಹಾಗೆಯೇ ಅದು ನಡೆಯುತ್ತದೆ. ನಾನು ಒಂದು ಕೊಟ್ಟರೆ ಹೆದ್ದಾರಿಯಲ್ಲಿ ಅಂಗಳ ಇರುವ ದೊಡ್ಡ ಹೋಟ್ಲಿನವನು ಮೂರು ಕೊಡುತ್ತಾನೆ. ಆಗ ನನಗೆ ಅರ್ಥವಾಯಿತು, ನಾನು ದಲ್ಲಾಳಿಯಿಂದ ತಪ್ಪಿಸಿಕೊಂಡು ಬಂದಿಲ್ಲ, ಬೇರೆ ದಲ್ಲಾಳಿಯ ಬಾಗಿಲಿಗೆ ಬಂದಿದ್ದೇನೆ. ಮಂಡಿಯವನು ಮಾಲು ಹಿಡಿದುಕೊಂಡವನು, ಇವನು ಗಿರಾಕಿಯನ್ನೇ ಹಿಡಿದುಕೊಂಡವನು. ಈಗ ಅದಕ್ಕೂ ಮೇಲೆ ಫೋನಿನಲ್ಲಿ ನಕ್ಷತ್ರ ಕೊಡುವುದು ಒಂದು ಬಂದಿದೆ. ಯಾರಿಗೋ ಒಬ್ಬರಿಗೆ ಸಾಂಬಾರು ಖಾರ ಆಯಿತು ಅಂತ ನನ್ನ ಅಂಗಡಿಗೆ ಒಂದು ನಕ್ಷತ್ರ ಕೊಟ್ಟಿದ್ದರು. ಮಗಳು ತೋರಿಸಿದಳು. ಅದನ್ನು ಅಳಿಸುವುದು ಹೇಗೆ ಅಂತ ಇವತ್ತಿಗೂ ಗೊತ್ತಿಲ್ಲ.

ಖರ್ಚು ನೋಡಿ. ಊರಲ್ಲಿ ಹತ್ತು ಹೆಚ್.ಪಿ. ಒಳಗಿನ ಪಂಪ್‌ಸೆಟ್ಟಿಗೆ ಕರೆಂಟು ಬಿಲ್ಲಿಲ್ಲ, ಕರೆಂಟು ಇದ್ದಾಗ. ಅಂಗಡಿಗೆ ಕಮರ್ಷಿಯಲ್ ಮೀಟರು. ಊರಲ್ಲಿ ಹಾಲು ಡೈರಿಗೆ ಹಾಕುತ್ತಿದ್ದವನು ಅಲ್ಲಿ ಅದೇ ಹಾಲನ್ನು ಪ್ಯಾಕೆಟ್ಟಿನಲ್ಲಿ ಕೊಂಡೆ. ಕೊತ್ತಂಬರಿ ಸೊಪ್ಪಿಗೆ, ಕರಿಬೇವಿಗೆ ದುಡ್ಡು ಕೊಡುವಾಗ ನಮ್ಮ ಮನೆಯವಳು ಪ್ರತಿ ಸಲ ನನ್ನ ಮುಖ ನೋಡುತ್ತಿದ್ದಳು. ಅಂಗಡಿ ಮುಂದೆ ನಾಲ್ಕು ತಗಡು ಹಾಕೋಣ ಅಂತ ಹೋದರೆ ಅದಕ್ಕೂ ಕಾನೂನು ಅಡ್ಡ ಬಂತು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ಏನೂ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರು ಅನುಮತಿ ಇಲ್ಲದೆ ಮುಟ್ಟುವಂತಿಲ್ಲ, 2010ರಲ್ಲಿ ತಿದ್ದುಪಡಿಯಾದ ಕೇಂದ್ರದ ಕಾನೂನು ಅದು. ಕಾನೂನು ತಪ್ಪು ಅನ್ನುವುದಿಲ್ಲ, ಗುಡಿ ಉಳಿಯಬೇಕು. ಆದರೆ ಹೊಸ ಕಟ್ಟಡ ಏಳದ ಕಡೆ ಇರುವ ಹಳೇ ಮಳಿಗೆಗಳ ಬಾಡಿಗೆ ಏರುತ್ತಲೇ ಹೋಗುತ್ತದೆ. ಮಾಲೀಕನಿಗೆ ಅದು ಬೆಳೆ. ಬಾಡಿಗೆದಾರ ಅವನ ಗೇಣಿದಾರ. ಗೇಣಿ ಪದ್ಧತಿ ಹೋಯಿತು ಅಂತ ನಾವು ತಿಳಿದಿದ್ದೇವೆ!

ಸಾಲದ ವಿಷಯ ಹೇಳಲೇಬೇಕು. ನಾನು ಹೈಸ್ಕೂಲು ಓದುತ್ತಿದ್ದಾಗ, 1980ರ ದಶಕದಲ್ಲಿ, ರೈತ ಸಂಘದ ಹಳ್ಳಿಗಳ ಬಾಗಿಲಲ್ಲಿ ಬೋರ್ಡು ಹಾಕಿದ್ದರು, ವಸೂಲಿ ಅಧಿಕಾರಿ ಊರೊಳಗೆ ಬರಬೇಕಾದರೆ ಮೊದಲು ಊರನ್ನು ಕೇಳಬೇಕು ಅಂತ. ಅದನ್ನು ನೋಡಿ ಬೆಳೆದ ನಾನು ಬೇಲೂರಲ್ಲಿ ಪ್ರತಿ ಸಂಜೆ ಏಳು ಗಂಟೆಗೆ ಒಬ್ಬ ಹುಡುಗನ ಬೈಕಿನ ಸದ್ದಿಗೆ ಎದೆ ಹಿಡಿದುಕೊಂಡು ಕೂತಿದ್ದೇನೆ. ದಿನದ ಕಂತು. ವ್ಯಾಪಾರ ಆಗಲಿ ಬಿಡಲಿ, ಗಿರಾಕಿಗಳ ಮುಂದೆಯೇ ಎಣಿಸಿ ಕೊಡಬೇಕು. ಅಲ್ಲಿ ಬೋರ್ಡು ಹಾಕುವುದು ಯಾವ ಬಾಗಿಲಿಗೆ? ಎಡಗಡೆ ಅಂಗಡಿಯವನಿಗೆ ನನ್ನ ಸಾಲ ಗೊತ್ತಿಲ್ಲ, ಅವನದ್ದು ನನಗೆ ಗೊತ್ತಿಲ್ಲ. ಸಾಲ ಎಲ್ಲರಿಗೂ ಇದೆ, ಒಟ್ಟಿಗೆ ಯಾರಿಗೂ ಇಲ್ಲ. ಸಾಲ ವಸೂಲಿಯಲ್ಲಿ ಕಿರುಕುಳ ಕೊಡಬಾರದು ಅಂತ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದದ್ದು 2025ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ನಾನು ಊರಿಗೆ ಬಂದು ಮೂರೂವರೆ ವರ್ಷ ಆಗಿತ್ತು.

2018ರಲ್ಲಿ ಸಾಲ ಮನ್ನಾ ಬಂತಲ್ಲ, ಸಹಕಾರ ಸಂಘದ ಬೆಳೆ ಸಾಲ ಒಂದು ಲಕ್ಷದವರೆಗೆ. ನನ್ನ ಹೆಸರಲ್ಲಿ ಪಹಣಿ ಇತ್ತು, ಸೊಸೈಟಿಯಲ್ಲಿ ಹಳೇ ಸಾಲ ಇತ್ತು, ಮನ್ನಾ ಆಯಿತು. ಫೈನಾನ್ಸಿನ ಸಾಲ? ಅದಕ್ಕೆ ಮನ್ನಾನೂ ಇಲ್ಲ, ಬಡ್ಡಿ ಇಲ್ಲದ ಸಾಲವೂ ಇಲ್ಲ. ಅಲ್ಪಾವಧಿ ಬೆಳೆ ಸಾಲಕ್ಕೆ ಶೂನ್ಯ ಬಡ್ಡಿಯ ಮಿತಿಯನ್ನು 2023ರಲ್ಲಿ ಮೂರರಿಂದ ಐದು ಲಕ್ಷಕ್ಕೆ ಏರಿಸಿದರು. ಅದು ಸಾಲದು ಅಂತ ನಾವು ಬೈಯುತ್ತೇವೆ, ಬೈಯಲೇಬೇಕು. ಆದರೆ ಪಹಣಿ ಹೋದ ಮಾರನೇ ದಿನ ಅದನ್ನು ಬೈಯುವ ಹಕ್ಕೂ ಹೋಗುತ್ತದೆ.

ಒಳ್ಳೇದನ್ನೂ ಹೇಳಬೇಕು, ಇಲ್ಲದಿದ್ದರೆ ನಮ್ಮ ಮನೆಯವಳು ಬಿಡುವುದಿಲ್ಲ. ನಲ್ಲಿಯಲ್ಲಿ ನೀರು ಬರುತ್ತಿತ್ತು. ಮಗಳು ನಡೆದು ಹೋಗಿ ಕಾಲೇಜು ಓದಿದಳು, ಬಸ್ಸು ತಪ್ಪಿತು ಅಂತ ಒಂದು ದಿನವೂ ಕತ್ತಲಲ್ಲಿ ನಿಲ್ಲಲಿಲ್ಲ. ನನಗೆ ಎಂಟು ದಿನ ಜ್ವರ ಬಂದಾಗ ಎದುರುಗಡೆ ಬಳೆ ಅಂಗಡಿಯ ಮುಸಲ್ಮಾನರ ಮನೆಯವರು ನಮ್ಮ ಒಲೆ ಆರದ ಹಾಗೆ ನೋಡಿಕೊಂಡರು. ಊರಲ್ಲಿ ಅತ್ತೆ, ವಾರಗಿತ್ತಿ, ಸಗಣಿ, ಸೌದೆ ಅಂತ ಬೆನ್ನು ಬಗ್ಗಿಸಿದವಳು ಅಲ್ಲಿ ಗಲ್ಲಾಪೆಟ್ಟಿಗೆ ಮುಂದೆ ಕೂತು ಲೆಕ್ಕ ಬರೆದಳು. ವಾಪಸು ಬರಲು ಕೊನೆಯವರೆಗೂ ಒಪ್ಪದಿದ್ದವಳು ಅವಳೇ. ನನ್ನ ಕಷ್ಟ ಬೇರೆ. ಊರಲ್ಲಿ ನನ್ನನ್ನು ಕಂಡರೆ "ಗೌಡ್ರೇ, ಮಳೆ ಏನಂತೆ" ಅನ್ನೋರು. ಅಲ್ಲಿ ನಾನು "ಏನಪ್ಪಾ, ಎರಡು ಟೀ." ಮಗನ ವಯಸ್ಸಿನವರಿಗೆ ಅಂಕಲ್, ಉತ್ತರದ ಕಡೆಯವರಿಗೆ ಭಯ್ಯಾ. ಮಾನ ಅವಮಾನದ ಮಾತಲ್ಲ ಇದು, ಅವರಿಗೆ ನನ್ನ ಹೆಸರು ಬೇಕಾಗಿಯೇ ಇಲ್ಲ. ಒಂದು ಗಂಟೆಗೆ ಬಂದವರು.

2020ರ ಮಾರ್ಚ್ 17ಕ್ಕೆ ದೇಶದ ಪುರಾತತ್ವ ಸ್ಮಾರಕಗಳಿಗೆಲ್ಲ ಬೀಗ ಬಿತ್ತು. ವಾರದಲ್ಲಿ ಲಾಕ್‌ಡೌನು. ಆಮೇಲೆ ತೆರೆಯಿತು, ಸ್ವಲ್ಪ ಚೇತರಿಸಿಕೊಂಡೆವು, 2021ರ ಏಪ್ರಿಲ್ 16ಕ್ಕೆ ಮತ್ತೆ ಬೀಗ. ತೇರು, ಬೇಸಿಗೆ ರಜೆ, ಎರಡೂ ವರ್ಷದ ಸುಗ್ಗಿ ಹೋಯಿತು. ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಂಡರು. ಆ ದಿನಗಳಲ್ಲಿ ಹಾಲಿನ ಗಾಡಿಯವರ ಕೈ ಕಾಲು ಹಿಡಿದು ನನ್ನ ಅಣ್ಣ ಎರಡು ಮೂಟೆ ರಾಗಿ, ಒಂದು ಮೂಟೆ ಆಲೂಗೆಡ್ಡೆ ಕಳಿಸಿದ. ದಾನ ಅಲ್ಲ. ನನ್ನ ಜಮೀನಿನ ವಾರ. ನಮ್ಮ ಸಾಲಿನಲ್ಲೇ ಫೋಟೋ ಅಂಗಡಿ ಇಟ್ಟಿದ್ದ ಒಬ್ಬರು ಅರಸೀಕೆರೆ ಕಡೆಯವರು, ತೆಂಗಿನ ತೋಟ ಮಾರಿ ಬಂದವರು. ಅವರಿಗೆ ಮೂಟೆ ಕಳಿಸಲು ಹಿಂದೆ ಏನೂ ಉಳಿದಿರಲಿಲ್ಲ. ಈಗ ಅವರು ಬೆಂಗಳೂರಲ್ಲಿ ಒಂದು ಅಪಾರ್ಟ್‌ಮೆಂಟಿನ ಗೇಟು ಕಾಯುತ್ತಿದ್ದಾರೆ. ನಾನು 2021ರ ಆಗಸ್ಟಿನಲ್ಲಿ ಪಾತ್ರೆ ಪಗಡೆ ಟೆಂಪೋಗೆ ಹಾಕಿಕೊಂಡು ನನ್ನ ಮನೆಗೆ ಬಂದೆ. ಅವರಿಗೂ ನನಗೂ ಬುದ್ಧಿಯಲ್ಲಿ ವ್ಯತ್ಯಾಸ ಇರಲಿಲ್ಲ. ಪಹಣಿಯಲ್ಲಿ ಇತ್ತು.

ಇದೆಲ್ಲ ಕೇಳಿ ಅಣ್ಣನ ಮಗ, "ಅದು ಕೊರೋನಾ ಚಿಕ್ಕಪ್ಪ, ಮತ್ತೆ ಬರಲ್ಲ" ಅಂದ. ಬರದಿರಲಿ. ಆದರೆ ಪ್ರವಾಸವನ್ನು ನಂಬಿದ ಊರಿಗೆ ಬೀಗ ಹಾಕಲು ಕೊರೋನಾನೇ ಬೇಕಾಗಿಲ್ಲ. ಹಂಪಿಯ ಬಜಾರಿನಲ್ಲಿ ಅಂಗಡಿ ಮನೆ ಮಾಡಿಕೊಂಡು ವರ್ಷಗಟ್ಟಲೆ ಇದ್ದವರನ್ನು 2011ರಲ್ಲಿ ಎಬ್ಬಿಸಿದರು. ನದಿಯಾಚೆ ವಿರೂಪಾಪುರಗಡ್ಡಿಯಲ್ಲಿ ಗದ್ದೆಗಳ ನಡುವೆ ಎದ್ದಿದ್ದ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ 2020ರ ಮಾರ್ಚಿನಲ್ಲಿ ಕೆಡವಿದರು. ಪರಂಪರೆಯ ಪಟ್ಟಿಗೆ ಸೇರಿದ ಊರಲ್ಲಿ ಕಲ್ಲಿಗೆ ಇರುವ ಭದ್ರತೆ ಅಂಗಡಿಯವನಿಗೆ ಇರುವುದಿಲ್ಲ.

ಇನ್ನು ಜಮೀನು ಕೊಳ್ಳಲು ಬಂದಿರುವವರು ಯಾರು? 1974ರ ಭೂಸುಧಾರಣೆಯಲ್ಲಿ ಬಂದ 79ಎ, 79ಬಿ ಕಲಮುಗಳು ರೈತರಲ್ಲದವರು ಬೇಸಾಯದ ಜಮೀನು ಕೊಳ್ಳದ ಹಾಗೆ ಬೇಲಿ ಹಾಕಿದ್ದವು. ಬೇಲಿಯಲ್ಲಿ ತೂತು ಬಹಳ ಇತ್ತು, ನಿಜ. 2020ರ ತಿದ್ದುಪಡಿಯಲ್ಲಿ ಬೇಲಿಯನ್ನೇ ಕಿತ್ತರು. ಈಗ ದುಡ್ಡಿದ್ದ ಯಾರಾದರೂ ಬರಬಹುದು. ನಮ್ಮೂರಿಗೂ ಒಬ್ಬರು ಬಂದಿದ್ದಾರೆ, ರೆಸಾರ್ಟು ಮಾಡುತ್ತಾರಂತೆ. ಎಕರೆಗೆ ಅವರು ಹೇಳುವ ಮೊತ್ತವನ್ನು ನನ್ನ ಅಣ್ಣ ಮೂರು ಸಲ ಕೇಳಿ ತಿಳಿದುಕೊಂಡ. ರಣಘಟ್ಟದ ನೀರಿಗಾಗಿ ಹಳೇಬೀಡು, ಮಾದಿಹಳ್ಳಿ, ಜಾವಗಲ್ ಕಡೆಯ ರೈತರು ವರ್ಷಗಟ್ಟಲೆ ಧರಣಿ ಕೂತರು. ನೀರು ಬರುವ ಆಸೆ ಕಾಣುವ ಹೊತ್ತಿಗೆ ಜಮೀನು ನಮ್ಮದಾಗಿ ಇರಬೇಕೋ ಬೇಡವೋ? ಅತ್ತ ಯಗಚಿ ಹಿನ್ನೀರಿನಲ್ಲಿ ದೋಣಿ ಆಟ ನಡೆಯುತ್ತಿದೆ, ಇತ್ತ ನಾವು ಬೋರಿಗೆ ಸಾಲ ಮಾಡುತ್ತಿದ್ದೇವೆ.

ಹೋಗಲೇಬೇಡಿ ಅಂತ ನಾನು ಹೇಳುವುದಿಲ್ಲ. ಹೋಗುವವನು ಜಮೀನು ಇಟ್ಟು ಹೋಗಲಿ. ವಾರಕ್ಕೆ ಕೊಡಲಿ, ಬೀಡು ಬಿಡಲಿ, ಮಾರದಿರಲಿ. ಫೈನಾನ್ಸಿನ ದುಡ್ಡಿನಲ್ಲಿ ಅಂಗಡಿ ಇಡದಿರಲಿ. ಇನ್ನೊಂದು ಕೆಲಸ ನಾನು ಅಲ್ಲಿ ಮಾಡಿ ನೋಡಿದ್ದು. ಎರಡನೇ ವರ್ಷದಿಂದ ಬೋಂಡಾಕ್ಕೆ, ಪಲ್ಯಕ್ಕೆ ಬೇಕಾದ ಆಲೂಗೆಡ್ಡೆಯನ್ನು ಅಂಗಡಿಯಲ್ಲಿ ಕೊಳ್ಳದೆ ಅಣ್ಣನಿಂದಲೇ ಬಸ್ಸಿನಲ್ಲಿ ತರಿಸಿದೆ. ಅಣ್ಣನಿಗೆ ಮಂಡಿಗಿಂತ ಕಿಲೋಗೆ ಎರಡು ರೂಪಾಯಿ ಜಾಸ್ತಿ, ನನಗೆ ಅಂಗಡಿಗಿಂತ ಮೂರು ರೂಪಾಯಿ ಕಮ್ಮಿ. ಪಕ್ಕದ ಇಬ್ಬರು ಹೋಟ್ಲಿನವರೂ ಕೇಳಿದರು. ವಾರಕ್ಕೆ ಐದಾರು ಮೂಟೆ ಹೋಗುತ್ತಿತ್ತು. ದೊಡ್ಡ ಕ್ರಾಂತಿ ಏನಲ್ಲ. ಆದರೆ ಮೂರೂವರೆಗೂ ನಲವತ್ತಕ್ಕೂ ನಡುವೆ ಇರುವ ಜಾಗಕ್ಕೆ ಕಾಲಿಡುವ ದಾರಿ ಅದು. ಊರಿನ ನಾಲ್ಕು ಮನೆಯವರು ಸೇರಿ, ಜಮೀನು ತಮ್ಮ ಹೆಸರಲ್ಲೇ ಇಟ್ಟುಕೊಂಡು, ಬೇಲೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಳಿಗೆ ಹಿಡಿದು ಸರದಿಯ ಮೇಲೆ ಕೂತರೆ ಆಗದೇ? ಬೆಳೆದವರಿಗೆ ಮಾರಲು ಜಾಗ ಕೊಡಿ ಅಂತ ಪುರಸಭೆಯನ್ನು ಕೇಳಲು ನಮ್ಮ ತಾಲ್ಲೂಕು ಸಂಘಕ್ಕೆ ಏನು ಅಡ್ಡಿ? ಮುಂದಿನ ಸಭೆಯಲ್ಲಿ ನಾನು ಇದನ್ನು ಎತ್ತುತ್ತೇನೆ, ಬೆಂಬಲಿಸುವವರು ಬರಬೇಕು.

ಅಣ್ಣ ಇನ್ನೂ ಏನೂ ಹೇಳಿಲ್ಲ. ಅವನ ಎರಡು ಎಕರೆ ಹತ್ತು ಗುಂಟೆ ರಸ್ತೆಗೆ ತಾಗಿದ್ದು, ನನ್ನದು ಅದರ ಹಿಂದೆ. ನಮ್ಮ ಗಾಡಿ ದಾರಿ ಅವನ ಬದುವಿನ ಮೇಲೇ ಹೋಗುತ್ತದೆ, ಬೋರಿನ ಪೈಪೂ ಅಲ್ಲೇ ಹೂತಿದೆ. ಮೊನ್ನೆ ನಾಡಕಚೇರಿಗೆ ಹೋಗಿ ಪಹಣಿ ತೆಗೆಸಿಕೊಂಡು ಬಂದನಂತೆ, ಅತ್ತಿಗೆ ಹೇಳಿದರು. ಸೋಮವಾರ ಆ ಜನ ಅಡ್ವಾನ್ಸು ತಗೊಂಡು ಬರುತ್ತಾರೆ. ಬೆಳಿಗ್ಗೆ ಬೇಗ ಹೋಗಿ ಅಣ್ಣನ ಜಗಲಿ ಮೇಲೆ ಕೂತುಕೊಳ್ಳುತ್ತೇನೆ. ನಮ್ಮ ಮನೆಯವಳೂ ಬರುತ್ತೇನೆ ಅಂದಿದ್ದಾಳೆ, ಯಾರ ಕಡೆ ಮಾತಾಡುತ್ತಾಳೋ ಗೊತ್ತಿಲ್ಲ.